ಅಕ್ಕ ಕಿತ್ತ ಹುರುಳಿ ಹೊಲ

ಮದುವೆಯಾಗಿ ಏಳು ವರ್ಷವಾದ ಮೇಲೆ ನನ್ನ ಅಕ್ಕನಿಗೆ ಬಸುರು ನಿಂತಿತ್ತು. ಅದು ಮೂರನೇ ತಿಂಗಳಲ್ಲಿ ಹೋಯಿತು. ಹೋದದ್ದು ನನ್ನ ಹುರುಳಿಯಿಂದ ಎಂದು ಅವಳ ಅತ್ತೆ ಹೇಳಿದರು, ಆಮೇಲೆ ಊರು ಹೇಳಿತು, ಕೊನೆಗೆ ಅಕ್ಕನೂ ಒಂದು ಸಲ ಕೇಳಿದಳು. ನಾನು ತಳಿಶಾಸ್ತ್ರ ಓದಿದವಳು. ಅವಳು ಕೇಳಿದ್ದಕ್ಕೆ ಅರ್ಧ ಉತ್ತರವಾದರೂ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡುವುದಕ್ಕೆ ತಡ ಮಾಡಿದೆ. ಆ ತಡದಿಂದ ಏನೇನಾಯಿತು ಅನ್ನುವುದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ.

ನಮ್ಮದು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ಹೊಗೆಸೊಪ್ಪು ಮುರಿದು ಮುಗಿದ ಹೊಲಕ್ಕೆ, ಹಿಂಗಾರಿನ ತೇವ ಆರುವ ಮೊದಲು ಹುರುಳಿ ಚೆಲ್ಲುವುದು ನಮ್ಮ ಮನೆಯ ರೂಢಿ. ಹುರುಳಿ ನೆಟ್ಟಗೆ ನಿಲ್ಲುವ ಪೈರಲ್ಲ. ಹಂಬು ಹಂಬಿಗೆ ಹೆಣೆದುಕೊಂಡು ಹೊಲವೆಲ್ಲ ಒಂದೇ ಚಾಪೆಯಾಗುತ್ತದೆ. ಬುಡದ ಕಾಯಿ ಒಣಗಿ ಸಿಡಿಯುವ ಹೊತ್ತಿಗೆ ತುದಿಯಲ್ಲಿ ಇನ್ನೂ ಹೂವಿರುತ್ತದೆ. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ಮಣ್ಣುಪಾಲು. ಹಾಗಾಗಿ ಇಬ್ಬನಿ ಇರುವಾಗಲೇ ಕೀಳಬೇಕು. ಅವ್ವ, ಅಕ್ಕ, ನಾನು ಮೂವರೂ ಚಳಿಯಲ್ಲಿ ಸೊಂಟ ಬಗ್ಗಿಸಿ ಕೀಳುತ್ತಿದ್ದೆವು. ಬಾಗಿದ ಅವ್ವ ನೆಟ್ಟಗಾಗಬೇಕಾದರೆ ಎರಡೂ ಕೈ ಮೊಣಕಾಲ ಮೇಲೆ ಊರಿ, ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಏಳುತ್ತಿದ್ದಳು.

ಪಿಎಚ್‌ಡಿಗೆ ಸೇರಿದಾಗ ವಿಷಯ ಹುಡುಕಿಕೊಂಡು ಅಲೆಯಲಿಲ್ಲ. ಹಂಬಿಲ್ಲದ, ನೆಟ್ಟಗೆ ನಿಂತು ಒಟ್ಟಿಗೇ ಮಾಗುವ ಹುರುಳಿ ಬೇಕಾಗಿತ್ತು. ಹುರುಳಿಯ ಹೂವು ತುಂಬ ಸಣ್ಣದು. ಅದರೊಳಗೆ ಕೈಯಾರೆ ಪರಾಗ ಮುಟ್ಟಿಸಿ ಎರಡು ತಳಿ ಕೂಡಿಸುವುದು ಕಷ್ಟ, ಕೂಡಿಸೋಣವೆಂದರೂ ಇರುವ ತಳಿಗಳೆಲ್ಲ ಹಂಬಿನವೇ. ಇಲ್ಲದ ಗುಣವನ್ನು ಹುಟ್ಟಿಸಲಿಕ್ಕೆ ಉಳಿದ ದಾರಿ ಬೀಜಕ್ಕೆ ಗಾಮಾ ಕಿರಣ ಹಾಯಿಸುವುದು. ಅವ್ವನ ಮಡಕೆಯಿಂದಲೇ ಹುರುಳಿ ಅಳೆದುಕೊಂಡು ಹೋಗಿ, ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ನಾಲ್ಕು ಪ್ರಮಾಣದಲ್ಲಿ ಕಿರಣ ಕೊಡಿಸಿ, ನಾಲ್ಕು ಪೊಟ್ಟಣ ಮಾಡಿಕೊಂಡು ಮನೆಗೆ ತಂದೆ.

ಅವ್ವ ಪೊಟ್ಟಣ ಬಿಚ್ಚಿ ಮೂಸಿ ನೋಡಿದಳು. "ಅಂಗೇ ಐತಲ್ಲವ್ವ. ಏನ್ ಮಾಡುಸ್ಕಂಡ್ ಬಂದೆ?"

"ಆಸ್ಪತ್ರೇಲಿ ಎಕ್ಸ್‌ರೇ ಹಿಡೀತಾರಲ್ಲ, ಅಂಗೆ ಕಣವ್ವ. ಕಿರಣ ಬೀಜದೊಳಗೆ ತೂರ್ಕಂಡು ಹೋಗ್ತದೆ. ಹೋಗ್ತಾ ಒಳಗಿರೋ ಬರವಣಿಗೆನ ಎಲ್ಲೋ ಒಂಚೂರು ಕೆಡಿಸ್ತದೆ. ಕೆಟ್ಟದ್ರಲ್ಲಿ ಸಾವಿರಕ್ಕೋ ಹತ್ತು ಸಾವಿರಕ್ಕೋ ಒಂದು ನಮ್ಗೆ ಬೇಕಾದಂಗೆ ಬರಬೌದು."

"ಆ ಕಿರಣ ಕಾಳಲ್ಲೇ ಉಳ್ಕತದಾ?"

"ಎಕ್ಸ್‌ರೇ ತೆಗೆಸ್ಕಂಡು ಬಂದೋರ ಮೈಯಲ್ಲಿ ಏನಾರ ಉಳ್ಕತದಾ? ಇಲ್ಲ."

ಅವ್ವನಿಗೆ ಅಷ್ಟು ಸಾಕಾಯಿತು.

ಮೊದಲ ವರ್ಷ ನಮ್ಮ ಹೊಲದಲ್ಲೇ ಬಿತ್ತಿದೆ. ಹೆಚ್ಚು ಕಿರಣ ತಿಂದ ಪೊಟ್ಟಣದಲ್ಲಿ ಅರ್ಧಕ್ಕರ್ಧ ಮೇಲೆ ಬರಲೇ ಇಲ್ಲ. ಬಂದವುಗಳ ಎಲೆ ಮುದುಡಿಕೊಂಡು, ಒಂದು ಬದಿ ಹಸಿರು ಒಂದು ಬದಿ ಹಳದಿಯಾಗಿ, ನೋಡಿದರೆ ಸಂಕಟವಾಗುತ್ತಿತ್ತು. ಬದುಕಿದ ಒಂದೊಂದು ಗಿಡದ ಕಾಳನ್ನೂ ಬೇರೆ ಬೇರೆ ಕಾಗದದ ಕವರಿನಲ್ಲಿ ಇಟ್ಟುಕೊಂಡೆ. ನಿಜವಾದ ಹುಡುಕಾಟ ಶುರುವಾಗುವುದು ಎರಡನೇ ತಲೆಮಾರಿನಲ್ಲಿ. ಕಿರಣ ಮಾಡಿದ ಬದಲಾವಣೆ ಕಣ್ಣಿಗೆ ಕಾಣುವುದು ಆಗ. ಅದಕ್ಕೆ ಸಾವಿರಾರು ಗಿಡ ಬೆಳೆಸಬೇಕು, ಸಾಲು ಸಾಲು ನಡೆದು ಒಂದೊಂದನ್ನೂ ನೋಡಬೇಕು.

ಆ ಎರಡನೇ ವರ್ಷವೇ ಅಪ್ಪ ನಮ್ಮ ಹೊಲಕ್ಕೆ ಶುಂಠಿ ಹಾಕಿಬಿಟ್ಟಿದ್ದರು. ಕಾಲೇಜಿನ ಹೊಲದ ತಾಕು ಬೇರೆಯವರ ಪ್ರಯೋಗಕ್ಕೆ ಹೋಗಿತ್ತು. ನನ್ನ ಅವಧಿಯಲ್ಲಿ ಉಳಿದಿದ್ದು ಅದೊಂದೇ ಹಂಗಾಮು. "ಎಲ್ಲಾದರೂ ಒಂದು ಎಕರೆ ನೋಡಿಕೊಳ್ಳಮ್ಮ, ಇಲ್ಲವಾದರೆ ಇದ್ದಷ್ಟರಲ್ಲೇ ಬರೆದು ಮುಗಿಸು" ಎಂದರು ನನ್ನ ಮಾರ್ಗದರ್ಶಕರು. ಇದ್ದಷ್ಟು ಅಂದರೆ ಎಷ್ಟು ಬೀಜ ಸತ್ತವು ಅನ್ನುವ ಲೆಕ್ಕ ಮಾತ್ರ. ಆ ವಾರವೆಲ್ಲ ನಾನು ಸರಿಯಾಗಿ ಉಣ್ಣಲಿಲ್ಲ. ವಿಷಯ ತಿಳಿದು ಅಕ್ಕನೇ ಫೋನ್ ಮಾಡಿದಳು.

"ನಮ್ಮ ಹೊಲ ಇಲ್ವೇನೇ? ನಿಮ್ಮ ಭಾವಂಗೆ ಹೇಳಿದೀನಿ. ಬಂದ್ ಬಿತ್ತು, ಬಾ."

ಅಕ್ಕನನ್ನು ಕೊಟ್ಟಿದ್ದು ಎಚ್.ಡಿ. ಕೋಟೆಯ ಕಡೆ, ಹಂಪಾಪುರದಿಂದ ಒಳಗೆ ನಡೆದು ಹೋಗುವಷ್ಟು ದೂರದ ಹಳ್ಳಿಗೆ. ಭಾವ ಮಾತು ಕಡಿಮೆಯ ಮನುಷ್ಯ. ನಾನು ಹೋಗುವಷ್ಟರಲ್ಲಿ ನೆಲ ಉತ್ತು ಸಾಲು ಎಳೆದಿದ್ದರು. ಆ ಮಣ್ಣಿನಲ್ಲಿ ಬೇರು ಕೊಳೆಯುವ ರೋಗ ಇದೆ ಎಂದು ತಿಳಿದು, ಬೀಜಕ್ಕೆ ಶಿಲೀಂಧ್ರನಾಶಕದ ಗುಲಾಬಿ ಬಣ್ಣದ ಪುಡಿ ಬೆರೆಸಿದೆ. ಹೊಸ ಸಂಗತಿಯೇನಲ್ಲ, ಎಲ್ಲ ಕಡೆ ಮಾಡುತ್ತಾರೆ. ರಬ್ಬರ್ ಕೈಗವಸು ಒಂದೇ ಜೊತೆ ಇತ್ತು. ನಾನು ಹಾಕಿಕೊಂಡೆ. ಅಕ್ಕ ಬರಿಗೈಯಲ್ಲೇ ಕವರು ಕವರು ಬೀಜ ಸುರಿದುಕೊಂಡು, ಗೇಣು ಗೇಣಿಗೆ ಒಂದೊಂದು ಕಾಳು ಇಡುತ್ತಾ ಎರಡು ದಿನ ನನ್ನ ಜೊತೆ ಬಿತ್ತಿದಳು.

"ಕೈಗೆ ಏನಾದ್ರೂ ಸುತ್ಕೊ ಅಕ್ಕ" ಎಂದು ಒಂದು ಸಲ ಹೇಳಿದೆ.

"ಬುಡೇ, ಮದ್ವೆ ಮನೆ ಕುಂಕುಮ ಇದ್ದಂಗೈತೆ" ಎಂದು ಅಂಗೈ ತೋರಿಸಿ ನಕ್ಕಳು. ಎರಡನೇ ಸಲ ನಾನು ಹೇಳಲಿಲ್ಲ. ಊಟಕ್ಕೆ ಕೂತಾಗ ಕೈ ತೊಳೆದಳು. ಉಗುರಿನ ಸಂದಿಯ ಬಣ್ಣ ಹೋಗಿರಲಿಲ್ಲ.

ಆಗ ಅವಳಿಗೆ ಬಸುರು ನಿಂತಿದ್ದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಹತ್ತು ದಿನಕ್ಕೆ ಮೊಳಕೆಗಳು ಎದ್ದವು. ಹಸಿರು ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಅಚ್ಚ ಬಿಳಿಯ ಸಸಿ. ಹಸಿರು ಮಾಡಿಕೊಳ್ಳುವ ಶಕ್ತಿಯೇ ಇಲ್ಲದೆ ಹುಟ್ಟಿದವು. ಬೀಜದೊಳಗಿನ ಅನ್ನ ಮುಗಿದ ಕೂಡಲೇ ಸಾಯುತ್ತವೆ. ನನಗೆ ಅವು ಒಳ್ಳೆಯ ಸುದ್ದಿ. ಕಿರಣ ಕೆಲಸ ಮಾಡಿದೆ ಅನ್ನುವುದಕ್ಕೆ ಗುರುತು. ನಾನು ಖುಷಿಯಿಂದ ಎಣಿಸಿ ಬರೆದುಕೊಳ್ಳುತ್ತಿದ್ದರೆ, ಅಕ್ಕನ ಅತ್ತೆ ಬದುವಿನ ಮೇಲೆ ನಿಂತು ನೋಡಿ, "ಇದ್ಯಾವ ಬೆಳೆ? ನಮ್ಮ ನೆಲದಾಗೆ ಬಿಳೀ ಪೈರು ಹುಟ್ಟಿದ್ದ ನಾ ಕಾಣೆ" ಎಂದರು.  ಮಾರನೆಯ ವಾರ ನಾನು ಹೋದಾಗ ಒಣಗಿದ ಬಿಳಿ ಸಸಿಗಳಿಗೆ ಅಕ್ಕ ಚೆಂಬಿನಲ್ಲಿ ನೀರು ಹಾಕಿದ ಗುರುತಿತ್ತು.

ನಾನು ವಾರಕ್ಕೊಮ್ಮೆ ಹಾಸ್ಟೆಲಿನಿಂದ ಹುಣಸೂರಿಗೆ ಬಂದು ಕೋಟೆ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹಂಪಾಪುರಕ್ಕೆ ಬರುತ್ತಿದ್ದೆ. ಉಳಿದ ದಿನ ಹೊಲದಲ್ಲಿ ಓಡಾಡುತ್ತಿದ್ದವಳು ಅಕ್ಕ. ಏನಾದರೂ ಬೇರೆ ಥರ ಕಂಡರೆ ಕೆಂಪು ಉಲ್ಲನ್ ದಾರ ಕಟ್ಟು ಎಂದು ಹೇಳಿಕೊಟ್ಟಿದ್ದೆ. ಐದನೇ ವಾರ ಅವಳೇ ವಿಡಿಯೋ ಕಾಲ್ ಮಾಡಿದಳು.

"ಇದ್ಯಾವುದೋ ಹಂಬೇ ಬುಡ್ತಿಲ್ಲ ಕಣೇ. ಸುಮ್ಕೆ ನಿಂತೈತೆ. ಹೂವೂ ಬುಟ್ಟೈತೆ."

ಫೋನನ್ನು ಅವಳು ಗಿಡದ ಸುತ್ತ ತಿರುಗಿಸಿದಳು. ಸುತ್ತಲಿನ ಬಳ್ಳಿಗಳಲ್ಲಿ ಮೊಗ್ಗೂ ಇಲ್ಲ. ಇದು ಮೊಣಕಾಲಿಗಿಂತ ಕೆಳಗೆ, ಗಟ್ಟಿ ಕಾಂಡದಲ್ಲಿ ನೇರ ನಿಂತು ಹೂ ಬಿಟ್ಟಿದೆ. ನಾನು ಗ್ರಂಥಾಲಯದಲ್ಲಿದ್ದೆ. ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಆ ಶನಿವಾರ ಹೋದಾಗ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ತನ್ನ ಸುದ್ದಿ ಹೇಳಿದಳು. ಇಬ್ಬರೂ ಕೈ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡು ನಕ್ಕೆವು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದಿಲ್ಲ. ಆಗಲೂ ಪುಡಿಯ ವಿಷಯ ನನಗೆ ಹೊಳೆಯಲಿಲ್ಲ.

ಬಿತ್ತಿದ ಒಂಬತ್ತನೇ ವಾರ ಭಾವ ಫೋನ್ ಮಾಡಿ, "ಒಂದು ಸಲ ಬನ್ನಿ" ಎಂದಷ್ಟೇ ಹೇಳಿ ಇಟ್ಟರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದು ಅಕ್ಕನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವ್ವ ಅವಳ ಕಾಲು ಒತ್ತುತ್ತಾ ಕೂತಿದ್ದಳು. ಹೊರಗೆ ಜಗಲಿಯ ಮೇಲೆ ಅತ್ತೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದುದು ಒಳಗೆ ಕೇಳುತ್ತಿತ್ತು. "ಬಿಳೀ ಪೈರು ಹುಟ್ಟಿದಾಗ್ಲೇ ನಾನಂದೆ. ಕರೆಂಟ್ ಹೊಡೆಸಿದ್ ಬೀಜವಂತೆ. ಮೂರು ಹೊತ್ತೂ ಅದರೊಳಗೇ ಓಡಾಡ್ತಿದ್ಲು."

ಎರಡೇ ದಿನದಲ್ಲಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಅಣುಬಾಂಬು ಸಿಡಿಯುವ ವಿಡಿಯೋ ಬಂತು. ಕೆಳಗೆ ಅಕ್ಕನ ಹೊಲದ ಫೋಟೋ. ಪಕ್ಕದ ಹೊಲದವರು ಭಾವನ ಹತ್ತಿರ ಬಂದು, ತಮ್ಮ ದನ ಬದು ಮೇಯುತ್ತವೆ, ಇದನ್ನು ತೆಗೆಸಿ ಎಂದರು. ನಾನು ಒಬ್ಬೊಬ್ಬರ ಮುಂದೂ ನಿಂತು ಹೇಳಿದೆ. ಕಿರಣ ಬಿದ್ದಿದ್ದು ಹೋದ ವರ್ಷದ ಬೀಜಕ್ಕೆ, ಇದು ಅದರ ಮಗಳು, ಇದರೊಳಗೆ ಏನೂ ಇಲ್ಲ, ಬೇಕಾದರೆ ನಾನೇ ಈ ಸೊಪ್ಪು ತಿನ್ನುತ್ತೇನೆ. ಅವರ ಮುಂದೆಯೇ ನಾಲ್ಕು ಎಲೆ ಕಿತ್ತು ಅಗಿದೆ. ಒಬ್ಬ ಹಿರಿಯರು ಬೇಸರದಿಂದ, "ನಿನಗೇನವ್ವ, ನಿನ್ನ ಹೊಟ್ಟೇಲಿ ಮಗು ಐತಾ?" ಎಂದರು.

ಅಕ್ಕ ಎದ್ದು ಓಡಾಡುವಂತಾದ ಮೇಲೆ, ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಕೇಳಿದಳು. ಕೋಪವಿರಲಿಲ್ಲ. ಧ್ವನಿಯೇ ಇರಲಿಲ್ಲ.

"ನೀನು ಓದಿದೀಯ. ದಿಟ ಹೇಳು. ಬೀಜದಿಂದ ಆಯ್ತಾ?"

ಕಿರಣದಿಂದಲ್ಲ ಎಂದು ಎದೆ ತಟ್ಟಿ ಹೇಳಬಲ್ಲವಳು ನಾನು. ಆದರೆ ಅವಳು ಕಿರಣ ಅನ್ನಲಿಲ್ಲ, ಬೀಜ ಅಂದಳು. ಕಣ್ಣ ಮುಂದೆ ಅವಳ ಗುಲಾಬಿ ಅಂಗೈ ಬಂತು. ಆ ಪುಡಿಯ ಡಬ್ಬಿಯ ಮೇಲೆ ಕೈಗವಸು ಹಾಕಿಕೊಳ್ಳಿ ಎಂದು ಬರೆದಿತ್ತು. ನಾನು ಓದಿದ್ದೆ. ಓದಿ, ನಾನು ಹಾಕಿಕೊಂಡಿದ್ದೆ.

ಎಷ್ಟು ಹೊತ್ತು ಸುಮ್ಮನಿದ್ದೆನೋ. ಮೂರು ಸಲ ಉಸಿರಾಡುವಷ್ಟು ಇರಬಹುದು. ಆಮೇಲೆ "ಇಲ್ಲ ಅಕ್ಕ" ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದವಳು ತಲೆ ಆಡಿಸಿ ಒಳಗೆ ಹೋದಳು. ನಾನು ತಡೆದದ್ದೇ ಅವಳಿಗೆ ಉತ್ತರವಾಗಿತ್ತು.

ಆ ವಾರ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಪುಡಿಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದಿದಷ್ಟೂ ಒಂದು ಕಡೆ ತೊಂದರೆ ಇಲ್ಲ ಎಂದಿರುತ್ತಿತ್ತು, ಇನ್ನೊಂದು ಕಡೆ ಪ್ರಯೋಗದ ಇಲಿಗಳ ಬಸುರು ಹೋದ ವಿಷಯ ಇರುತ್ತಿತ್ತು. ಗೆಳತಿಯೊಬ್ಬಳ ಅತ್ತಿಗೆ ಕೆ.ಆರ್. ನಗರದಲ್ಲಿ ಹೆರಿಗೆ ಡಾಕ್ಟರಾಗಿದ್ದರು, ಕಡೆಗೆ ಅವರ ಮನೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮೊದಲ ಮೂರು ತಿಂಗಳಲ್ಲಿ ಹೋಗುವ ಬಸುರು ಬಹಳಷ್ಟು ತಮ್ಮೊಳಗಿನ ದೋಷದಿಂದಲೇ ಹೋಗುತ್ತವೆ. ಎರಡು ದಿನ ಕೈಗೆ ಅಂಟಿದ ಪುಡಿಯಿಂದ ಹೀಗಾಯಿತು ಅಂತ ನನಗೆ ಅನಿಸಲ್ಲ."

"ಅಲ್ಲವೇ ಅಲ್ಲ ಅಂತ ಹೇಳ್ತೀರಾ ಮೇಡಂ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅನಿಸಲ್ಲ ಅಂದೆ ಕಣಮ್ಮ. ಅದಕ್ಕಿಂತ ಮುಂದೆ ಯಾವ ಡಾಕ್ಟರೂ ಹೇಳಲ್ಲ. ನೀನೂ ವಿಜ್ಞಾನದವಳೇ, ನಿನಗೆ ಗೊತ್ತಲ್ಲ."

ಆ ಅರ್ಧ ಉತ್ತರ ಹಿಡಿದುಕೊಂಡು ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟೆ. ಪುಡಿಯ ವಿಷಯ ಹೇಳಿಬಿಡಬೇಕು, ಡಾಕ್ಟರು ಹೇಳಿದ್ದನ್ನೂ ಹೇಳಬೇಕು, ಅವಳು ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಹಂಪಾಪುರದಲ್ಲಿ ಇಳಿದು ಹೊಲದ ದಾರಿಯಲ್ಲೇ ನಡೆದೆ. ಇನ್ನೂ ಇಬ್ಬನಿ ಇತ್ತು.

ಅಕ್ಕ ಹೊಲದಲ್ಲಿದ್ದಳು. ಸೀರೆ ಎತ್ತಿ ಕಟ್ಟಿ, ಬಗ್ಗಿ, ಎರಡೂ ಕೈಯಲ್ಲಿ ಬಳ್ಳಿ ಸುತ್ತಿಕೊಂಡು ಕೀಳುತ್ತಿದ್ದಳು. ಮುಕ್ಕಾಲು ಹೊಲ ಆಗಲೇ ಕೆಂಪು ಮಣ್ಣಾಗಿತ್ತು. ಹಸಿರು ಗುಡ್ಡೆ ಗುಡ್ಡೆಯಾಗಿ ಬಿದ್ದಿತ್ತು. ಭಾವ ಬದುವಿನ ಮೇಲೆ ಕೈ ಕಟ್ಟಿ ನಿಂತಿದ್ದರು. "ನಿನ್ನೆಯಿಂದ ಕೀಳ್ತಾವ್ಳೆ. ಮುಟ್ಟಕ್ಕೂ ಬುಡ್ತಿಲ್ಲ" ಎಂದರು.

"ಅಕ್ಕ" ಎಂದೆ. ತಿರುಗಲಿಲ್ಲ. "ಅಕ್ಕ, ನಿಲ್ಸೆ. ನಿನ್ನ ಮೈ ಇನ್ನೂ ಹಸಿ ಐತೆ. ನಿಲ್ಸು."

"ಮುಗೀತು ಬುಡು. ಇನ್ನು ನಾಕು ಸಾಲು."

ಪುಡಿಯ ಮಾತು ನಾನು ಎತ್ತಲೇ ಇಲ್ಲ. ಅವಳ ಕೈ ಬೇಲಿ ಮುಳ್ಳಿಗೆ ಸಿಕ್ಕಿದಂತೆ ಗೀರು ಗೀರಾಗಿತ್ತು. ಆ ಹೊತ್ತಿಗೆ ನಾನು ಓಡಿ ಹೋಗಿ ಅವಳನ್ನು ತಬ್ಬಿಕೊಳ್ಳಬೇಕಾಗಿತ್ತು. ನಾನು ಹೋದದ್ದು ಕಿತ್ತ ಗುಡ್ಡೆಗಳ ಕಡೆ. ಮಂಡಿಯೂರಿ ಕೂತು ಕೆಂಪು ದಾರ ಹುಡುಕಿದೆ. ಒಂದು ಗುಡ್ಡೆ, ಎರಡು, ಮೂರು. ಹೆಣೆದುಕೊಂಡ ಬಳ್ಳಿಯನ್ನು ಹರಿದು ಹರಿದು ನೋಡಿದೆ. ಹತ್ತು ಹೆಜ್ಜೆಯಾಚೆ ಅಕ್ಕ ಬಗ್ಗಿದ್ದಳು, ಇಲ್ಲಿ ನಾನು ಬಗ್ಗಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ.

ಸ್ವಲ್ಪ ಹೊತ್ತಿಗೆ ನನ್ನ ಪಕ್ಕ ಏನೋ ಬಿತ್ತು. ಬೇರು, ಮಣ್ಣು, ದಾರದ ಸಮೇತ ಆ ಗಿಡ. ಅಕ್ಕ ನನ್ನ ಹಿಂದೆ ನಿಂತಿದ್ದಳು.

"ಇದೇ ತಾನೇ ನಿಂಗೆ ಬೇಕಾದ್ದು? ತಗಂಡ್ ಓಗು."

ತೆಗೆದುಕೊಂಡು ಹೋದೆ. ಅದನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹಾಸ್ಟೆಲಿನಲ್ಲಿ ಬಕೆಟ್ ನೀರಿನಲ್ಲಿ ನಿಲ್ಲಿಸಿ ಕಿಟಕಿಯ ಬಿಸಿಲಿಗೆ ತಿರುಗಿಸಿ ತಿರುಗಿಸಿ ಇಟ್ಟೆ. ಕಾಯಿಗಳು ಅರ್ಧ ತುಂಬಿದ್ದವು, ಅರ್ಧ ಚಪ್ಪಟೆ. ಒಣಗಿದ ಮೇಲೆ ಸುಲಿದರೆ ಹತ್ತೊಂಬತ್ತು ಕಾಳು. ಸುಕ್ಕುಗಟ್ಟಿದ, ತೆಳ್ಳನೆಯ ಕಾಳು. ಅವುಗಳಲ್ಲಿ ಐದು ಮೊಳೆತವು. ಐದೂ ನೆಟ್ಟಗೆ ನಿಂತವು. ಅಷ್ಟರ ಮಟ್ಟಿಗೆ ನಾನು ಹುಡುಕಿದ್ದು ಸಿಕ್ಕಿತ್ತು. ಆದರೆ ಹೂವು ಬಿಟ್ಟು ಬಿಟ್ಟು ಉದುರಿದವು. ಎರಡರಲ್ಲಿ ಮಾತ್ರ ಒಂದೆರಡು ಕಾಯಿ ಕಚ್ಚಿತು. ಹಂಬನ್ನು ಕಳೆದ ಕಿರಣ ಇನ್ನೂ ಏನನ್ನೋ ಕಳೆದಿತ್ತು. ಅದನ್ನು ಊರಿನ ಹುರುಳಿಯ ಜೊತೆ ಕೂಡಿಸಿ, ಮತ್ತೆ ನಾಲ್ಕು ತಲೆಮಾರು ಆರಿಸಿ ಸರಿಪಡಿಸಬಹುದಾಗಿತ್ತೇನೋ. ಅಷ್ಟು ವರ್ಷ ನನಗೆ ಯಾರೂ ಕೊಡಲಿಲ್ಲ. ಎಷ್ಟು ಬೀಜ ಸತ್ತವು ಅನ್ನುವ ಲೆಕ್ಕವನ್ನೇ ಬರೆದು ಪ್ರಬಂಧ ಮುಗಿಸಿದೆ. ಡಾಕ್ಟರೇಟ್ ಬಂತು. ಪಿರಿಯಾಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಕ್ಕ ಫೋನ್ ಎತ್ತುತ್ತಿರಲಿಲ್ಲ. ಅವ್ವನ ಮೂಲಕ ಅವಳ ಸುದ್ದಿ ತಿಳಿಯುತ್ತಿತ್ತು. ಮತ್ತೆ ಬಸುರಾಗಲಿಲ್ಲ ಅನ್ನುವುದೂ ಹಾಗೇ ತಿಳಿಯಿತು.

ಮೂರು ವರ್ಷವಾದ ಮೇಲೆ, ಪರೀಕ್ಷೆಯ ಕೆಲಸಕ್ಕೆ ಸರಗೂರಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಸಂತೆ ಚೀಲ ಕಾಲ ಬಳಿ ಇತ್ತು. ತಲೆಯ ಒಂದು ಬದಿ ನೆರೆತಿತ್ತು. ನನ್ನನ್ನು ನೋಡಿ ಚೀಲ ಸರಿಸಿ ಜಾಗ ಮಾಡಿದಳು. ಕೂತೆ. ಅವ್ವನ ಮಂಡಿ ನೋವಿನ ಬಗ್ಗೆ ಮಾತಾಡಿದೆವು.  ಈಗ ಹೇಳದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಅನ್ನಿಸಿ, ಅವಳ ಮುಖ ನೋಡದೆ ಹೇಳಿಬಿಟ್ಟೆ. ಕೈಗವಸು, ಡಬ್ಬಿಯ ಮೇಲಿನ ಬರಹ, ಡಾಕ್ಟರ ಮಾತು, ಎಲ್ಲ.

ಅಕ್ಕ ನನ್ನ ಕಡೆ ತಿರುಗಿದಳು.

"ಆವತ್ತು ಇದಾ ನೀನು ನುಂಗ್ಕಂಡಿದ್ದು?" ಎಂದಳು.

"ಹೂಂ."

"ಅವತ್ತೇ ಹೇಳಿದ್ರೆ ನಿನ್ನ ಜೊತೆ ಜಗಳ ಆಡ್ತಿದ್ದೆ. ಕೂದಲು ಹಿಡ್ಕಂಡು ಹೊಡೀತಿದ್ದೆ. ಏನೂ ಹೇಳ್ದೆ ಹೋದೆ. ನಾನು ಯಾರ ಜೊತೆ ಆಡ್ಲಿ? ಅತ್ತೆ ಜೊತೆ ಆಡಕ್ಕಾಯ್ತದಾ? ಹೊಲಕ್ಕೋದೆ."

"ತಪ್ಪಾಯ್ತು ಅಕ್ಕ."

  ಹಂಪಾಪುರದ ಕಡೆಯ ಬಸ್ಸು ಬಂತು. ಚೀಲದ ಒಂದು ಕಿವಿ ಅವಳು ಹಿಡಿದಳು, ಇನ್ನೊಂದನ್ನು ನಾನು ಹಿಡಿದೆ. ಜನ ನುಗ್ಗುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ತಿರುಗಿ, "ಊಟ ಮಾಡಿದೀಯಾ?" ಎಂದು ಕೇಳಿದಳು. ಇಲ್ಲ ಎಂದೆ. ಕಂಡಕ್ಟರು ಸೀಟಿ ಊದಿದ. ಅವಳು ಏನೋ ಹೇಳಿದ್ದು ಇಂಜಿನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.